ಮಗುವಿಗೆ ಎಷ್ಟು ಕಾಲ ಎದೆಹಾಲು? ಮಲೆನಾಡಿನ ಮನೆಗಳಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಬಾಣಂತಿಯರ ಮನೆಗಳಿಗೆ ಹೋಗಿಬರುವ ಕೆಲಸವನ್ನು ಬಹಳ ವರ್ಷ ಮಾಡಿದವಳು ನಾನು. ಹಾಲು ಕುಡಿಸುವುದು ಹೇಗೆ ಎಂದು ಕೇಳಿದವರಿಗಿಂತ, ಹಾಲು ಬಿಡಿಸುವುದು ಯಾವಾಗ ಎಂದು ಕೇಳಿದವರೇ ಹೆಚ್ಚು. ಹಾಗೆ ಕೇಳಿದವರಲ್ಲಿ ತಾಯಿಗಿಂತ ಮೊದಲು ಬಾಯಿ ತೆರೆಯುತ್ತಿದ್ದವರು ಅತ್ತೆ, ಗಂಡ, ನಾದಿನಿ, ಒಮ್ಮೊಮ್ಮೆ ಪಕ್ಕದ ಮನೆಯವರು. ಕೆಳಗಿನ ಉತ್ತರಗಳನ್ನು ತಾಯಿಯನ್ನೇ ಎದುರಿಗೆ ಕೂರಿಸಿಕೊಂಡು ಬರೆದಿದ್ದೇನೆ.

ಒಟ್ಟಿನಲ್ಲಿ ಎಷ್ಟು ಕಾಲ ಕೊಡಬೇಕು?

ಮಗುವಿಗೆ ಆರು ತಿಂಗಳು ತುಂಬುವವರೆಗೆ ಎದೆಹಾಲು ಮಾತ್ರ ಕೊಡಬೇಕು. ಅಲ್ಲಿಂದ ಮುಂದೆ ಮನೆಯ ಊಟವನ್ನು ಶುರುಮಾಡಿ, ಊಟದ ಜೊತೆಗೆ ಎದೆಹಾಲನ್ನು ಎರಡು ವರ್ಷದವರೆಗೆ, ಇಬ್ಬರಿಗೂ ಬೇಕೆನಿಸಿದರೆ ಅದಕ್ಕಿಂತ ಮುಂದಕ್ಕೂ ಕೊಡಬಹುದು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಹೇಳುವುದು ಇದನ್ನೇ, ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಹೇಳುವುದೂ ಇದನ್ನೇ. ಈ ಮಾತಿನ ಮೊದಲ ಅರ್ಧ ಬಿಗಿಯಾದದ್ದು, ಎರಡನೆಯ ಅರ್ಧದಲ್ಲಿ ಸಾಕಷ್ಟು ಸಡಿಲವಿದೆ. ಜನ ಇದನ್ನು ತಿರುಗುಮುರುಗು ಮಾಡಿಕೊಳ್ಳುವುದರಿಂದಲೇ ತೊಂದರೆಗಳು ಹುಟ್ಟುತ್ತವೆ: ಮೂರನೇ ತಿಂಗಳಿಗೇ ಬೇರೆ ಏನಾದರೂ ಕುಡಿಸಲು ಯಾರೂ ಹಿಂಜರಿಯುವುದಿಲ್ಲ, ಆದರೆ ಒಂದೂವರೆ ವರ್ಷಕ್ಕೆ ಹಾಲು ನಿಲ್ಲಿಸಿದ ತಾಯಿಗೆ ಎಲ್ಲರೂ ಲೆಕ್ಕ ಕೇಳುತ್ತಾರೆ.

ನಮ್ಮ ಅಮ್ಮನಿಗೆ ಡಾಕ್ಟರು ನಾಲ್ಕು ತಿಂಗಳು ಎಂದಿದ್ದರಂತೆ. ಈಗ ಆರು ಎನ್ನುತ್ತೀರಿ. ಯಾವುದು ಸರಿ?

ನಿಮ್ಮ ಅಮ್ಮ ಕೇಳಿಸಿಕೊಂಡದ್ದು ತಪ್ಪಲ್ಲ. ಮೊದಲು ಜಗತ್ತಿನೆಲ್ಲೆಡೆ ಹೇಳುತ್ತಿದ್ದದ್ದು ನಾಲ್ಕರಿಂದ ಆರು ತಿಂಗಳು ಎಂದೇ. ಅದನ್ನು ಆರು ತಿಂಗಳು ಎಂದು ವಿಶ್ವ ಆರೋಗ್ಯ ಸಂಸ್ಥೆ ಖಚಿತಪಡಿಸಿದ್ದು 2001ರಲ್ಲಿ. ಅದಕ್ಕೂ ಮೊದಲು ಹೆತ್ತವರು ತಮ್ಮ ಕಾಲದ ಮಾತನ್ನು ಹೇಳುತ್ತಿದ್ದಾರೆ ಅಷ್ಟೆ. ಅವರೊಡನೆ ಜಗಳವಾಡುವ ಬದಲು ಈ ಇಸವಿಯನ್ನು ಹೇಳಿದರೆ ಎಷ್ಟೋ ಮನೆಗಳಲ್ಲಿ ಮಾತು ಅಲ್ಲಿಗೇ ಮುಗಿಯುತ್ತದೆ.

"ಹಾಲು ಮಾತ್ರ" ಎಂದರೆ ಬಿಸಿನೀರು, ಜೇನುತುಪ್ಪ, ಬಜೆ ಯಾವುದೂ ಬೇಡವೆ?

ಯಾವುದೂ ಬೇಡ. ವೈದ್ಯರು ಬರೆದುಕೊಟ್ಟ ಔಷಧಿ, ವಿಟಮಿನ್ ಹನಿ, ವಾಂತಿಭೇದಿಯಾದಾಗ ಕೊಡುವ ಓಆರ್‌ಎಸ್ ಇವಿಷ್ಟಕ್ಕೆ ಮಾತ್ರ ವಿನಾಯಿತಿ ಇದೆ. ಎದೆಹಾಲಿನ ಬಹುಭಾಗ ನೀರೇ ಆಗಿರುವುದರಿಂದ ಏಪ್ರಿಲ್ ತಿಂಗಳ ಸೆಕೆಯಲ್ಲಿಯೂ ಮಗುವಿಗೆ ಬೇರೆ ನೀರು ಬೇಕಾಗುವುದಿಲ್ಲ. ನೀರು ಕುಡಿಸಿದರೆ ಆ ಪುಟ್ಟ ಹೊಟ್ಟೆ ತುಂಬಿ ಹಾಲು ಕುಡಿಯುವುದು ಕಡಿಮೆಯಾಗುತ್ತದೆ, ಕುಡಿಯುವುದು ಕಡಿಮೆಯಾದಷ್ಟೂ ಎದೆಯಲ್ಲಿ ಹಾಲು ಇಳಿಯುವುದೂ ಕಡಿಮೆಯಾಗುತ್ತದೆ.

ಜೇನಿನ ವಿಷಯವನ್ನು ಸ್ವಲ್ಪ ಒತ್ತಿ ಹೇಳಬೇಕು, ಏಕೆಂದರೆ ನಮ್ಮ ಸೀಮೆಯಲ್ಲಿ ಒಳ್ಳೆಯ ಜೇನು ಮನೆಮನೆಯಲ್ಲೂ ಇರುತ್ತದೆ ಮತ್ತು ಹುಟ್ಟಿದ ಕೂಸಿನ ನಾಲಿಗೆಗೆ ಅದನ್ನು ಮುಟ್ಟಿಸುವುದು ಅನೇಕರಲ್ಲಿ ಸಂಪ್ರದಾಯವಾಗಿದೆ. ಎಷ್ಟೇ ಶುದ್ಧವಾದ ಜೇನಿನಲ್ಲಿಯೂ ಬೊಟುಲಿಸಂ ಎಂಬ ಕಾಯಿಲೆಯನ್ನು ತರುವ ಸೂಕ್ಷ್ಮಾಣುವಿನ ಬೀಜಕಗಳು ಇರಬಹುದು. ದೊಡ್ಡವರ ಕರುಳು ಅವನ್ನು ತಡೆದುಕೊಳ್ಳುತ್ತದೆ, ಒಂದು ವರ್ಷದೊಳಗಿನ ಮಗುವಿನ ಕರುಳಿಗೆ ಆ ಶಕ್ತಿ ಇನ್ನೂ ಬಂದಿರುವುದಿಲ್ಲ. ಆದ್ದರಿಂದ ಮೊದಲ ಹುಟ್ಟುಹಬ್ಬ ಕಳೆಯುವವರೆಗೆ ಜೇನು ಬೇಡ. ಬಜೆ, ಜಾಯಿಕಾಯಿ, ಅಳಲೆಕಾಯಿಯನ್ನು ಸಾಣೆಕಲ್ಲಿನ ಮೇಲೆ ತೇಯ್ದು ನೆಕ್ಕಿಸುವ ಅಜ್ಜಿಯರ ಮನಸ್ಸು ನೋಯಿಸಲು ನನಗೂ ಇಷ್ಟವಿಲ್ಲ, ಆದರೆ ಎಷ್ಟು ತೇಯ್ದರು, ಕಲ್ಲು ಎಷ್ಟು ಚೊಕ್ಕಟವಾಗಿತ್ತು, ತೇಯಲು ಬಳಸಿದ ನೀರು ಕುದಿಸಿದ್ದೇ ಎಂಬುದು ಯಾರ ಹಿಡಿತದಲ್ಲಿಯೂ ಇರುವುದಿಲ್ಲ.

ಹೆರಿಗೆಯಾದ ಮೊದಲ ಎರಡು ಮೂರು ದಿನದ ದಪ್ಪನೆಯ ಹಳದಿ ಹಾಲನ್ನು ಹಿಂಡಿ ಚೆಲ್ಲುವ ಪದ್ಧತಿ ಈಗ ಬಹುಮಟ್ಟಿಗೆ ನಿಂತಿದೆ. ಎಲ್ಲಾದರೂ ಉಳಿದಿದ್ದರೆ ಅದೂ ನಿಲ್ಲಲಿ. ಮಗುವಿಗೆ ರೋಗವನ್ನು ತಡೆಯುವ ಶಕ್ತಿ ಮೊದಲು ಸಿಗುವುದು ಆ ಹಾಲಿನಿಂದಲೇ.

ಹೆಣ್ಣುಮಗುವಿಗೆ ಐದನೇ ತಿಂಗಳಲ್ಲಿ ಅನ್ನಪ್ರಾಶನ ಮಾಡಬೇಕೆನ್ನುತ್ತಾರೆ. ಏನು ಮಾಡುವುದು?

ಗಂಡುಮಗುವಿಗೆ ಸಮ ತಿಂಗಳು, ಹೆಣ್ಣುಮಗುವಿಗೆ ಬೆಸ ತಿಂಗಳು ಎನ್ನುವ ಲೆಕ್ಕದಲ್ಲಿ ಏಳನೆಯ ತಿಂಗಳೂ ಬೆಸವೇ. ಹೊರನಾಡಿಗೋ ಶೃಂಗೇರಿಗೋ ಹೋಗುವ ದಿನವನ್ನು ಏಳಕ್ಕೆ ಇಟ್ಟುಕೊಂಡರೆ ಶಾಸ್ತ್ರವೂ ಉಳಿಯುತ್ತದೆ, ಆರು ತಿಂಗಳೂ ತುಂಬಿರುತ್ತದೆ.

ಹಾಲು ಸಾಲುತ್ತಿಲ್ಲ ಅನಿಸುತ್ತಿದೆ. ಮೂರು ತಿಂಗಳಿಗೇ ನಿಲ್ಲಿಸಿ ಡಬ್ಬಿ ಹಾಲಿಗೆ ಹೋಗಲೆ?

ಮೊದಲು ಅಳೆದು ನೋಡಿ, ಆಮೇಲೆ ನಿರ್ಧರಿಸಿ. ಮಗು ಅಳುವುದು, ಸಂಜೆ ಹೊತ್ತು ಮತ್ತೆ ಮತ್ತೆ ಎದೆಗೆ ಬರುವುದು, ಎದೆ ಮೊದಲಿನಂತೆ ಬಿಗಿಯಾಗದೆ ಮೆತ್ತಗಾಗುವುದು, ಇವು ಯಾವುವೂ ಹಾಲು ಕಡಿಮೆಯಾದ ಗುರುತಲ್ಲ. ಮೊದಲ ವಾರ ಕಳೆದ ಮೇಲೆ ದಿನಕ್ಕೆ ಆರು ಸಲಕ್ಕೆ ಕಡಿಮೆಯಿಲ್ಲದಂತೆ ಮಗು ಉಚ್ಚೆ ಹೊಯ್ಯುತ್ತಿದೆಯೆ? ಹುಟ್ಟಿದಾಗಿನ ತೂಕಕ್ಕೆ ಎರಡು ವಾರದೊಳಗೆ ಮರಳಿತೆ? ಐದಾರು ತಿಂಗಳಿಗೆ ಅದರ ಎರಡರಷ್ಟು ಆಗುವ ದಾರಿಯಲ್ಲಿದೆಯೆ? ಹೌದಾದರೆ ಹಾಲು ಸಾಲುತ್ತಿದೆ. ತೂಕವನ್ನು ಅಂಗನವಾಡಿಯಲ್ಲಿ ಅಥವಾ ಲಸಿಕೆಯ ದಿನ ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಿ. ಕಾರ್ಡಿನ ಗೆರೆ ಪಕ್ಕದ ಮನೆಯವರ ಕಣ್ಣಿಗಿಂತ ನಂಬಿಕೆಗೆ ಅರ್ಹವಾದದ್ದು.

ತೂಕ ನಿಜವಾಗಿಯೂ ಏರುತ್ತಿಲ್ಲವಾದರೆ, ಮಗು ಮೊಲೆಯನ್ನು ಸರಿಯಾಗಿ ಕಚ್ಚಿಕೊಳ್ಳುತ್ತಿದೆಯೆ ಎಂಬುದನ್ನು ತಿಳಿದವರಿಂದ ನೋಡಿಸಬೇಕು. ತೊಟ್ಟನ್ನು ಮಾತ್ರ ಹಿಡಿದು ಚೀಪುವ ಮಗುವಿಗೆ ಹಾಲೂ ಸಿಗುವುದಿಲ್ಲ, ತಾಯಿಗೆ ತೊಟ್ಟು ಬಿರಿದು ನೋವೂ ತಪ್ಪುವುದಿಲ್ಲ. ಮೂರು ತಿಂಗಳಿಗೆ ಹಾಲು ಬಿಟ್ಟೆ ಎಂದವರಲ್ಲಿ ಬಹಳ ಮಂದಿಗೆ ಬೇಕಾಗಿದ್ದದ್ದು ಈ ಹತ್ತು ನಿಮಿಷದ ಸಹಾಯ. ಇನ್ನು, ವೈದ್ಯರೇ ಪುಡಿ ಹಾಲು ಬೇಕು ಎಂದರೆ ಡಬ್ಬಿಯ ಮೇಲಿನ ಅಳತೆಯಂತೆಯೇ ಕಲಸಬೇಕು. ಡಬ್ಬಿ ಬೇಗ ಮುಗಿಯದಿರಲಿ ಎಂದು ನೀರು ಹೆಚ್ಚಿಸಿ ತೆಳುವಾಗಿ ಕೊಡುವುದು ಮಗುವನ್ನು ಉಪವಾಸ ಕೆಡವಿದಂತೆ.

ಒಂದು ವರ್ಷದ ಮೇಲೆ ಎದೆಹಾಲಿನಲ್ಲಿ ಸತ್ವವಿರುವುದಿಲ್ಲ, ಬರೀ ನೀರು ಎನ್ನುತ್ತಾರಲ್ಲ?

ಅದು ನಿಜವಲ್ಲ. ಆರರಿಂದ ಹನ್ನೆರಡು ತಿಂಗಳ ನಡುವೆ ಮಗುವಿಗೆ ಬೇಕಾದ ಶಕ್ತಿಯಲ್ಲಿ ಅರ್ಧ ಅಥವಾ ಅದಕ್ಕಿಂತ ಹೆಚ್ಚನ್ನು, ಎರಡನೆಯ ವರ್ಷದಲ್ಲಿ ಸುಮಾರು ಮೂರನೆಯ ಒಂದು ಪಾಲನ್ನು ಎದೆಹಾಲು ಒದಗಿಸಬಲ್ಲದು. ಕೊಬ್ಬು, ಪ್ರೋಟೀನು, ಎ ವಿಟಮಿನ್, ರೋಗ ತಡೆಯುವ ಅಂಶಗಳು ಎಲ್ಲವೂ ಅದರಲ್ಲಿ ಉಳಿದಿರುತ್ತವೆ. ಬದಲಾಗುವುದು ಮಗುವಿನ ಹಸಿವು: ಅದು ಈಗ ಹಾಲೊಂದರಿಂದಲೇ ತೀರುವುದಿಲ್ಲ.

ಮಲೆನಾಡಿನ ತಾಯಂದಿರಿಗೆ ಇನ್ನೊಂದು ಮಾತನ್ನೂ ಹೇಳುತ್ತೇನೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಬಾವಿ, ಹೊಳೆ, ಅಬ್ಬಿಯ ನೀರು ಕೆಂಪಾಗುವ ಕಾಲ; ಶೀತ, ಜ್ವರ, ಭೇದಿ ಮನೆಯ ಎಲ್ಲ ಮಕ್ಕಳನ್ನೂ ಸುತ್ತುತ್ತವೆ. ಕಾಯಿಲೆ ಬಿದ್ದ ಒಂದೂವರೆ ವರ್ಷದ ಮಗು ಅನ್ನವನ್ನು ದೂರ ತಳ್ಳುತ್ತದೆ, ಆದರೆ ಎದೆಗೆ ಬರುತ್ತದೆ. ಆ ನಾಲ್ಕು ದಿನ ಅದನ್ನು ಉಳಿಸುವುದು ಆ ಹಾಲು. ಹಾಲು ಬಿಡಿಸುವ ಯೋಚನೆ ಇದ್ದರೆ ಮಳೆಗಾಲ ಕಳೆಯಲಿ ಎಂದು ನಾನು ಹೇಳುತ್ತಿದ್ದದ್ದು ಇದಕ್ಕೇ.

ಹಾಲಿನ ಜೊತೆಗೆ ಯಾವ ಊಟ, ಎಷ್ಟು ಸಲ?

ಇದನ್ನು ಬಿಟ್ಟು ಎಷ್ಟು ಕಾಲ ಹಾಲು ಕೊಡಬೇಕೆಂಬ ಮಾತಿಗೆ ಅರ್ಥವಿಲ್ಲ. ಹುಟ್ಟುವಾಗ ತಾಯಿಯಿಂದ ತಂದ ಕಬ್ಬಿಣಾಂಶದ ದಾಸ್ತಾನು ಆರು ತಿಂಗಳ ಹೊತ್ತಿಗೆ ಕರಗುತ್ತಾ ಬರುತ್ತದೆ, ಎದೆಹಾಲಿನಲ್ಲಿ ಕಬ್ಬಿಣ ಬಹಳ ಕಡಿಮೆ. ಹತ್ತು ತಿಂಗಳಾದರೂ ಹಾಲಿನ ಮೇಲೆಯೇ ಇರುವ ಮಗು ನೋಡಲು ದುಂಡಗಿದ್ದರೂ ರಕ್ತಹೀನವಾಗಿರಬಹುದು.

ಆರನೇ ತಿಂಗಳು ತುಂಬಿದ ಮೇಲೆ ದಿನಕ್ಕೆ ಎರಡು ಮೂರು ಸಲ, ಒಂಬತ್ತು ತಿಂಗಳಿನಿಂದ ಮೂರು ನಾಲ್ಕು ಸಲ ಊಟ ಬೇಕು. ರಾಗಿ ಮಣ್ಣಿ, ಚೆನ್ನಾಗಿ ನುರಿದ ಕೆಂಪಕ್ಕಿ ಅನ್ನಕ್ಕೆ ಬೇಳೆ ಮತ್ತು ತುಪ್ಪ, ಬೇಯಿಸಿದ ಗೆಣಸು, ಬಾಳೆಹಣ್ಣು, ಬಸಳೆ ಅಥವಾ ಹರಿವೆ ಸೊಪ್ಪು, ತಿನ್ನುವ ಮನೆಗಳಲ್ಲಿ ಮೊಟ್ಟೆ ಮತ್ತು ಮುಳ್ಳು ತೆಗೆದ ಮೀನು, ಇವೆಲ್ಲ ನಮ್ಮಲ್ಲೇ ಇವೆ. ಚಮಚದಿಂದ ಬೀಳದಷ್ಟು ಗಟ್ಟಿಯಾಗಿರಲಿ. ಗಂಜಿಯ ತಿಳಿಯನ್ನು ಊಟವೆಂದು ಲೆಕ್ಕ ಹಾಕಬೇಡಿ. ಆಶಾ ಕಾರ್ಯಕರ್ತೆಯರು ಆರು ತಿಂಗಳು ತುಂಬಿದ ಮಕ್ಕಳಿಗೆ ಕೊಡುವ ಕಬ್ಬಿಣದ ಸಿರಪ್ಪು ವಾರಕ್ಕೆ ಎರಡು ಸಲ, ಒಂದೊಂದು ಮಿಲಿ. ಅದು ಕಪಾಟಿನಲ್ಲಿ ಸಾಲಾಗಿ ಕೂತಿರುವುದನ್ನು ಎಷ್ಟು ಮನೆಗಳಲ್ಲಿ ನೋಡಿದ್ದೇನೋ!

ಮನೆಯಲ್ಲಿ ಮಲೆನಾಡು ಗಿಡ್ಡದ ಹಾಲಿದೆ. ಎದೆಹಾಲು ಬಿಡಿಸಿ ಅದನ್ನೇ ಕೊಡಬಾರದೆ?

ಒಂದು ವರ್ಷದೊಳಗೆ ಹಸುವಿನ ಹಾಲನ್ನು ಎದೆಹಾಲಿನ ಜಾಗದಲ್ಲಿ ಇಡಬಾರದು. ಗಿಡ್ಡದ ಹಾಲಿನ ಮೇಲೆ ನಮಗೆ ಇರುವ ಅಭಿಮಾನ ತಕ್ಕದ್ದೇ, ಆದರೂ ಅದು ಕರುವಿನ ಹಾಲು: ಕಬ್ಬಿಣ ಕಡಿಮೆ, ಎಳೆಯ ಮೂತ್ರಪಿಂಡಕ್ಕೆ ಭಾರವಾಗುವಷ್ಟು ಪ್ರೋಟೀನು ಮತ್ತು ಲವಣ ಹೆಚ್ಚು, ಕೆಲವು ಶಿಶುಗಳ ಕರುಳಿನಿಂದ ಕಣ್ಣಿಗೆ ಕಾಣದಷ್ಟು ರಕ್ತವೂ ಸೋರಬಹುದು. ನೀರು ಬೆರೆಸಿದರೆ ಈ ದೋಷ ಹೋಗುವುದಿಲ್ಲ, ಸತ್ವ ಮಾತ್ರ ಹೋಗುತ್ತದೆ. ವರ್ಷ ತುಂಬಿದ ಮೇಲೆ ಕಾಯಿಸಿದ ಹಾಲನ್ನು ಲೋಟದಲ್ಲಿ ಕೊಡಿ, ಬಾಟಲಿ ಬೇಡ.

ಕೆಲಸಕ್ಕೆ ಮರಳಬೇಕು. ಅಲ್ಲಿಗೆ ಹಾಲು ಮುಗಿಯಿತೆ?

ಮುಗಿಯಬೇಕಾಗಿಲ್ಲ. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿಯಿಂದ ಬಂದು, 2025ರಲ್ಲಿ ಆ ಕಾಯ್ದೆಯ ಜಾಗಕ್ಕೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಉಳಿದಿರುವಂತೆ, ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳಸಹಿತ ರಜೆ ಇದೆ, ಅಂದರೆ ಹೆರಿಗೆಯ ನಂತರವೇ ಪೂರ್ತಿ ಬಳಸಿದರೆ ಸರಿಸುಮಾರು ಆರು ತಿಂಗಳು. ಮಗುವಿಗೆ 15 ತಿಂಗಳಾಗುವವರೆಗೆ ಕೆಲಸದ ನಡುವೆ ಹಾಲೂಡಿಸಲು ದಿನಕ್ಕೆ ಎರಡು ಬಿಡುವು ಕೇಳುವ ಹಕ್ಕಿದೆ, 50 ಅಥವಾ ಹೆಚ್ಚು ಜನ ಕೆಲಸ ಮಾಡುವಲ್ಲಿ ಶಿಶುಪಾಲನಾ ಕೇಂದ್ರವಿರಬೇಕು. ಶಿವಮೊಗ್ಗದ ಕಚೇರಿಗಳಲ್ಲಿ ಕೆಲಸ ಮಾಡುವವರಿಗೆ ಇದು ಉಪಯೋಗಕ್ಕೆ ಬರುತ್ತದೆ. ಅಡಿಕೆ ಸುಲಿಯಲು, ನಾಟಿಗೆ, ಕಾಫಿ ಕೊಯ್ಲಿಗೆ ದಿನಗೂಲಿಗೆ ಹೋಗುವವಳಿಗೆ ಈ ಕಾಯ್ದೆಯ ಯಾವ ಸಾಲೂ ತಲುಪುವುದಿಲ್ಲ ಎಂಬುದನ್ನು ನಾಚಿಕೆಯಿಂದಲೇ ಹೇಳಬೇಕಾಗಿದೆ. ಅವಳಿಗೆ ಸಹಾಯವಾಗುವುದು ಮಗುವನ್ನು ಅಂಗಳದಲ್ಲಿ ಜೋಲಿಗೆ ಹಾಕಿ, ನಡುನಡುವೆ ಎದ್ದುಹೋಗಿ ಕುಡಿಸಲು ಬಿಡುವ ಮನೆಯೊಡತಿಯ ಒಳ್ಳೆಯತನ.

ಹಾಲು ಹಿಂಡಿಟ್ಟು ಹೋಗುವುದೂ ಸಾಧ್ಯ. ಕೈ ತೊಳೆದು, ಕುದಿಸಿದ ಸ್ಟೀಲ್ ಪಾತ್ರೆಗೆ ಹಿಂಡಿದ ಹಾಲು 25 ಡಿಗ್ರಿವರೆಗಿನ ತಂಪಾದ ಕೋಣೆಯಲ್ಲಿ ನಾಲ್ಕು ಗಂಟೆ, ಫ್ರಿಜ್ಜಿನ ಒಳಮೂಲೆಯಲ್ಲಿ ನಾಲ್ಕು ದಿನ ಕೆಡುವುದಿಲ್ಲ. ತಿಂಗಳುಗಟ್ಟಲೆ ಫ್ರೀಜರಿನಲ್ಲಿ ಇಡಬಹುದೆಂದು ಓದಿರುತ್ತೀರಿ, ಆದರೆ ಆಗುಂಬೆಯ ಮಳೆಗೆ ಮರ ಬಿದ್ದು ಮೂರು ದಿನ ಕರೆಂಟು ಹೋಗುವ ಊರಿನಲ್ಲಿ ಆ ಲೆಕ್ಕವನ್ನು ನಂಬಬೇಡಿ. ಕುಡಿಸುವಾಗ ಹಾಲನ್ನು ಒಲೆಯ ಮೇಲಿಟ್ಟು ಕಾಯಿಸದೆ ಬಿಸಿನೀರಿನ ಬಟ್ಟಲಲ್ಲಿ ಇಟ್ಟು ಬೆಚ್ಚಗೆ ಮಾಡಿ, ಒಳಲೆಯಿಂದ ಕುಡಿಸಿ. ಮನೆಗೆ ಬಂದ ಮೇಲೆ ಸಂಜೆ, ರಾತ್ರಿ, ಬೆಳಗ್ಗೆ ಎದೆಗೆ ಹಾಕಿಕೊಂಡರೆ ಹಾಲು ಬತ್ತದೆ ಉಳಿಯುತ್ತದೆ.

ಜ್ವರ ಬಂದಿದೆ, ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ನಿಲ್ಲಿಸಬೇಕೆ?

ಸಾಧಾರಣ ಶೀತ ಜ್ವರಕ್ಕೆ, ಪ್ಯಾರಾಸಿಟಮಾಲ್ ಮಾತ್ರೆಗೆ ನಿಲ್ಲಿಸಬೇಕಾಗಿಲ್ಲ. ಕ್ಷಯಕ್ಕೆ ಚಿಕಿತ್ಸೆ ಪಡೆಯುತ್ತಿರುವ ತಾಯಂದಿರೂ ವೈದ್ಯರ ಸಲಹೆಯಂತೆ ಮುಂದುವರಿಸುತ್ತಾರೆ. ಎಚ್‌ಐವಿ ಇರುವ ತಾಯಿ ಎಆರ್‌ಟಿ ಮಾತ್ರೆಯನ್ನು ತಪ್ಪದೆ ತೆಗೆದುಕೊಳ್ಳುತ್ತಾ ಹಾಲೂಡಿಸುವ ಬಗ್ಗೆ ಚಿಕಿತ್ಸಾ ಕೇಂದ್ರದಲ್ಲೇ ಮಾತಾಡಿ ನಿರ್ಧರಿಸಬೇಕು. ಕ್ಯಾನ್ಸರಿಗೆ ಕೊಡುವ ಕೀಮೋ ಔಷಧಿಯಂತಹ ಕೆಲವಕ್ಕೆ ಮಾತ್ರ ನಿಲ್ಲಿಸಲೇಬೇಕಾಗುತ್ತದೆ. ಮಾತ್ರೆ ಬರೆಯಿಸಿಕೊಳ್ಳುವಾಗ "ನಾನು ಹಾಲು ಕುಡಿಸುತ್ತಿದ್ದೇನೆ" ಎಂಬ ಒಂದು ಮಾತನ್ನು ಮರೆಯಬೇಡಿ.

ಡಿಸೆಂಬರಿನಿಂದ ಮೇ ತನಕ, ಕಾಡಿಗೆ ಸೊಪ್ಪು ಸೌದೆಗೆ ಹೋಗಿಬಂದವರಿಗೆ ಜೋರು ಜ್ವರ, ವಿಪರೀತ ತಲೆನೋವು ಬಂದರೆ ಅದು ಬೇರೆ ವಿಷಯ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಕಾಣಿಸಿಕೊಂಡ ಮಂಗನ ಕಾಯಿಲೆ ಇನ್ನೂ ನಮ್ಮನ್ನು ಬಿಟ್ಟಿಲ್ಲ. ಮನೆಯಲ್ಲಿ ಮಾತ್ರೆ ನುಂಗುತ್ತಾ ಕೂರದೆ ಆಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿ, ಹಾಲಿನ ವಿಷಯವನ್ನು ಅಲ್ಲಿಯೇ ಕೇಳಿ.

ಕವಳ ಹಾಕುವ ಅಭ್ಯಾಸವಿದ್ದರೆ ಹೊಗೆಸೊಪ್ಪನ್ನು ಬಿಡಿ. ಅದರ ನಿಕೋಟಿನ್ ಹಾಲಿಗೆ ಇಳಿಯುತ್ತದೆ.

ಮುಟ್ಟು ಶುರುವಾಯಿತು. ಮತ್ತೆ ಬಸಿರಾದರೆ ಹಾಲು ಕೆಡುತ್ತದೆಯೆ?

ಎರಡರಿಂದಲೂ ಹಾಲು ವಿಷವಾಗುವುದಿಲ್ಲ. ಬಸಿರಿನಲ್ಲಿ ಹಾಲಿನ ಪ್ರಮಾಣ ಮತ್ತು ರುಚಿ ಬದಲಾಗುವುದರಿಂದ ಕೆಲವು ಮಕ್ಕಳು ತಾವೇ ಬಿಡುತ್ತವೆ. ಮೊದಲು ಗರ್ಭಪಾತವಾಗಿದ್ದರೆ, ದಿನ ತುಂಬುವ ಮೊದಲೇ ಹೆರಿಗೆಯಾಗಿದ್ದರೆ, ರಕ್ತ ಕಾಣಿಸಿಕೊಂಡರೆ ವೈದ್ಯರನ್ನು ಕೇಳಿ. ಹಾಲು ಕುಡಿಸುವಾಗ ಬಸಿರಾಗುವುದಿಲ್ಲ ಎಂಬ ನಂಬಿಕೆಗೆ ಮೂರು ಷರತ್ತುಗಳಿವೆ: ಮಗುವಿಗೆ ಆರು ತಿಂಗಳೊಳಗಿರಬೇಕು, ಹಗಲೂ ರಾತ್ರಿಯೂ ಎದೆಹಾಲು ಮಾತ್ರ ಕುಡಿಯುತ್ತಿರಬೇಕು, ಮುಟ್ಟು ಮರಳಿರಬಾರದು. ಒಂದು ತಪ್ಪಿದರೂ ಬೇರೆ ಉಪಾಯ ಬೇಕು.

ಎರಡು ವರ್ಷ ಕುಡಿಸಿದರೆ ತಾಯಿ ಸೊರಗುತ್ತಾಳೆ ಎನ್ನುತ್ತಾರೆ.

ಊಟ ಸಾಲದಿದ್ದರೆ ಸೊರಗುತ್ತಾಳೆ. ಮೊದಲ ಆರು ತಿಂಗಳು ಹಾಲೂಡಿಸುವ ತಾಯಿಗೆ ದಿನಕ್ಕೆ ಸುಮಾರು 600 ಕ್ಯಾಲೊರಿ ಹೆಚ್ಚು ಬೇಕು; ಬಾಣಂತಿಗೆ ಮೆಣಸಿನ ಸಾರು, ಅನ್ನ ಮಾತ್ರ ಬಡಿಸಿ ತರಕಾರಿ, ಹಣ್ಣು, ಬೇಳೆಗಳನ್ನು "ನಂಜು" ಎಂದು ದೂರವಿಡುವ ಪಥ್ಯದಿಂದ ಅದು ಬರುವುದಿಲ್ಲ. 2017ರಿಂದ ಇರುವ ಮಾತೃಪೂರ್ಣ ಯೋಜನೆಯಲ್ಲಿ ಗರ್ಭಿಣಿಯರಿಗೂ, ಹೆರಿಗೆಯ ನಂತರ ಆರು ತಿಂಗಳು ಬಾಣಂತಿಯರಿಗೂ ಅಂಗನವಾಡಿಯಲ್ಲಿ ಮಧ್ಯಾಹ್ನದ ಊಟವಿದೆ. ಹಸುಗೂಸನ್ನು ಎತ್ತಿಕೊಂಡು ಎರಡು ಗುಡ್ಡ ಇಳಿದು ಹತ್ತಿ ಒಂದು ಊಟಕ್ಕೆ ಹೋಗುವುದು ಬಯಲುಸೀಮೆಯಲ್ಲಿ ಕೂತು ಬರೆದವರಿಗೆ ಹೊಳೆದಿರಲಿಲ್ಲವೇನೋ.

ಹಾಲೂಡಿಸುವಾಗ ಮೂಳೆಯಿಂದ ಇಳಿದ ಸುಣ್ಣದ ಅಂಶ ಹಾಲು ನಿಲ್ಲಿಸಿದ ಮೇಲೆ ಮತ್ತೆ ತುಂಬಿಕೊಳ್ಳುತ್ತದೆ. ತಾಯಿಗೆ ಲಾಭವೂ ಇದೆ: 30 ದೇಶಗಳ 47 ಅಧ್ಯಯನಗಳನ್ನು ಒಟ್ಟುಗೂಡಿಸಿ 2002ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಹಾಲೂಡಿಸಿದ ಪ್ರತಿ 12 ತಿಂಗಳಿಗೆ ಸ್ತನ ಕ್ಯಾನ್ಸರಿನ ಅಪಾಯ ಶೇಕಡಾ 4.3ರಷ್ಟು ಇಳಿಯುವುದು ಕಂಡುಬಂದಿತ್ತು. ಎರಡು ಮೂರು ಮಕ್ಕಳ ಕಾಲವೆಲ್ಲ ಇದರಲ್ಲಿ ಕೂಡುತ್ತದೆ.

ಯಾವಾಗ ನಿಲ್ಲಿಸಬೇಕೆಂದು ಯಾರು ನಿರ್ಧರಿಸಬೇಕು?

ತಾಯಿ; ಮಗುವಿನ ಮೈ ಮತ್ತು ಊಟವನ್ನು ನೋಡಿಕೊಂಡು. ಗಂಡನ ಮಾತಿಗೆ ಜಾಗವಿದೆ, ಉಳಿದವರದ್ದು ಸಲಹೆ. ಕುರಾನಿನಲ್ಲಿ ಎರಡು ಪೂರ್ಣ ವರ್ಷ ಎಂದು ಹೇಳಿದ ಆಯತ್ತಿನಲ್ಲಿಯೇ, ತಂದೆತಾಯಿ ಇಬ್ಬರೂ ಒಪ್ಪಿ, ಸಮಾಲೋಚಿಸಿ ಮೊದಲೇ ಬಿಡಿಸಿದರೆ ದೋಷವಿಲ್ಲ ಎಂದೂ ಇದೆ. ಅದರಲ್ಲಿ ಅತ್ತೆಯ ಹೆಸರಿಲ್ಲ ಎಂದು ಶಿವಮೊಗ್ಗದ ಒಬ್ಬ ತಾಯಿ ನನಗೆ ನಗುತ್ತಾ ತೋರಿಸಿದ್ದರು.

"ಇಷ್ಟು ದೊಡ್ಡ ಮಗುವಿಗೆ ಇನ್ನೂ ಹಾಲೆ?" ಎಂದು ಮದುವೆಮನೆಯಲ್ಲಿ ಕೇಳಿದವರಿಗಾಗಿ ನಿಲ್ಲಿಸಬೇಡಿ. ಹಾಗೆಯೇ, ಸಾಕಾಗಿ ಹೋಗಿದೆ, ರಾತ್ರಿಯಿಡೀ ನಿದ್ದೆಯಿಲ್ಲ, ಮಗು ಎದೆಗೆ ಬಂದರೆ ಸಿಟ್ಟು ಬರುತ್ತಿದೆ ಎಂದಾದರೆ ಎರಡು ವರ್ಷದ ಗೆರೆ ಮುಟ್ಟಲೇಬೇಕೆಂದು ಹಲ್ಲು ಕಚ್ಚಬೇಡಿ. ಹದಿನಾಲ್ಕು ತಿಂಗಳ ಮಗು ಚೆನ್ನಾಗಿ ಉಣ್ಣುತ್ತಿದ್ದರೆ ನಿಲ್ಲಿಸುವುದರಿಂದ ಅದಕ್ಕೆ ಅನ್ಯಾಯವಾಗುವುದಿಲ್ಲ.

ನಿಲ್ಲಿಸುವುದು ಹೇಗೆ? ಬೇವಿನ ರಸ ಹಚ್ಚಲೆ?

ಬೇವು, ಹಾಗಲ, ಮೆಣಸಿನಪುಡಿ ಹಚ್ಚುವುದು, ತಾಯಿಯನ್ನು ತವರಿಗೆ ಕಳಿಸಿ ಮಗುವನ್ನು ಅಜ್ಜಿಯ ಬಳಿ ಬಿಡುವುದು, ಇವೆಲ್ಲ ಒಂದೇ ದಿನಕ್ಕೆ ಮುಗಿಸುವ ಉಪಾಯಗಳು. ಖಾರ ಮಗುವಿನ ಬಾಯಿಯನ್ನೂ ತಾಯಿಯ ತೊಟ್ಟನ್ನೂ ಸುಡುತ್ತದೆ. ತಾಯಿ ಮಾಯವಾಗುವುದು ಅದಕ್ಕಿಂತ ಕಷ್ಟ: ಮಗು ಹಾಲನ್ನೂ ಅಮ್ಮನನ್ನೂ ಒಂದೇ ದಿನ ಕಳೆದುಕೊಳ್ಳುತ್ತದೆ, ಅತ್ತ ತವರಿನಲ್ಲಿ ತಾಯಿಯ ಎದೆ ಕಲ್ಲಾಗಿರುತ್ತದೆ.

ನಿಧಾನವಾಗಿ ಬಿಡಿಸಿ. ಮಗು ಹೆಚ್ಚು ಆಸೆಪಡದ ಒಂದು ಹೊತ್ತನ್ನು, ಸಾಮಾನ್ಯವಾಗಿ ಮಧ್ಯಾಹ್ನದ್ದನ್ನು, ಮೊದಲು ತೆಗೆಯಿರಿ. ಆ ಹೊತ್ತಿಗೆ ತಿನ್ನಲು ಏನಾದರೂ ಕೊಟ್ಟು, ತಾವು ಕೂತು ಕುಡಿಸುತ್ತಿದ್ದ ಜಾಗದಲ್ಲಿ ಕೂರದೆ ಕೊಟ್ಟಿಗೆಯ ಕರು ತೋರಿಸಲು ಕರೆದೊಯ್ಯಿರಿ. ನಾಲ್ಕೈದು ದಿನ, ಬೇಕಾದರೆ ವಾರ ಬಿಟ್ಟು ಇನ್ನೊಂದು ಹೊತ್ತು. ಮಲಗುವಾಗಿನದ್ದು ಎಲ್ಲಕ್ಕಿಂತ ಕೊನೆಗೆ ಹೋಗುತ್ತದೆ. ಅದಕ್ಕೆ ಅಪ್ಪ ಮಗುವನ್ನು ಹೆಗಲಿಗೆ ಹಾಕಿಕೊಂಡು ಮಲಗಿಸುವುದನ್ನು ಕಲಿಯಬೇಕು. ತಾನಾಗಿ ಕೇಳದಿದ್ದರೆ ಕೊಡುವುದಿಲ್ಲ, ಕೇಳಿದರೆ ತಳ್ಳುವುದಿಲ್ಲ ಎಂಬ ನಿಯಮ ಒಂದೂವರೆ ವರ್ಷ ದಾಟಿದ ಮಕ್ಕಳಿಗೆ ಚೆನ್ನಾಗಿ ಹೊಂದುತ್ತದೆ. ಹಲ್ಲು ಬಂದ ಮಗು ರಾತ್ರಿ ಕುಡಿಯುತ್ತಿದ್ದರೆ ಹಲ್ಲುಗಳನ್ನು ದಿನಕ್ಕೆ ಎರಡು ಸಲ ಉಜ್ಜಿ. ಜ್ವರ, ಹೊಸ ಮನೆ, ತಮ್ಮ ತಂಗಿ ಹುಟ್ಟುವ ವಾರಗಳಲ್ಲಿ ಈ ಕೆಲಸಕ್ಕೆ ಕೈಹಾಕಬೇಡಿ.

ನಿಲ್ಲಿಸಿದ ಮೇಲೆ ಎದೆ ಕಟ್ಟಿಕೊಂಡು ನೋಯುತ್ತಿದೆ.

ನೋವು ತಗ್ಗುವಷ್ಟು ಮಾತ್ರ ಹಿಂಡಿ. ಪೂರ್ತಿ ಖಾಲಿ ಮಾಡಿದರೆ ಮತ್ತೆ ತುಂಬುತ್ತದೆ. ತಣ್ಣೀರು ಬಟ್ಟೆ ಇಡಿ, ಬಿಗಿಯಾಗಿ ಕಟ್ಟಬೇಡಿ. ಒಂದು ಭಾಗ ಕೆಂಪಾಗಿ, ಬಿಸಿಯಾಗಿ, ಚಳಿಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಹಾಲು ಬತ್ತಿಸುವ ಮಾತ್ರೆಯನ್ನು ಮೆಡಿಕಲ್ ಅಂಗಡಿಯಿಂದ ಕೇಳಿ ತರಬೇಡಿ.

ನಾನು ನಾಲ್ಕು ತಿಂಗಳಿಗೇ ನಿಲ್ಲಿಸಬೇಕಾಯಿತು. ತಪ್ಪು ಮಾಡಿದೆನೆ?

ಕೊಟ್ಟ ನಾಲ್ಕು ತಿಂಗಳು ಎಲ್ಲಿಗೂ ಹೋಗುವುದಿಲ್ಲ. ನಿಲ್ಲಿಸಿ ಕೆಲವೇ ದಿನ, ವಾರಗಳಾಗಿದ್ದರೆ ಮಗುವನ್ನು ಮತ್ತೆ ಮತ್ತೆ ಎದೆಗೆ ಹಾಕಿಕೊಂಡು ಹಾಲು ಮರಳಿಸುವುದೂ ಅನೇಕ ಸಲ ಸಾಧ್ಯ. ಮಕ್ಕಳ ವೈದ್ಯರನ್ನು ಕೇಳಿ. ಬಹಳ ದಿನಗಳಾಗಿದ್ದರೆ ಮುಂದಿನ ಊಟ, ಲಸಿಕೆ, ತೂಕದ ಕಡೆ ನೋಡಿ.

ಪೂರ್ತಿ ಬಿಟ್ಟು ತಿಂಗಳಾದ ಮೇಲೆ ಮಗು ಮತ್ತೆ ಕೇಳುತ್ತಿದೆ.

ಕೇಳುತ್ತದೆ, ಅದರಲ್ಲಿಯೂ ನಿದ್ದೆ ಬಂದಾಗ. ಗದರಬೇಡಿ. "ಹಾಲು ಮುಗಿಯಿತು ಪುಟ್ಟಾ" ಎಂದು ಹೇಳಿ ಎದೆಗೊತ್ತಿಕೊಂಡು ಮಲಗಿಸಿ. ಕೆಲವು ಮಕ್ಕಳು ಒಮ್ಮೆ ಬಾಯಿಟ್ಟು ನೋಡಿ, ಚೀಪುವುದು ಮರೆತುಹೋಗಿ, ತಾವೇ ನಕ್ಕು ಮಗ್ಗುಲಾಗುತ್ತವೆ.